ಸರ್ವರ್ ಕೈಪಿಡಿ: ಬರೆದವರು ಊರಿನಲ್ಲಿಲ್ಲದ ರಾತ್ರಿಗಾಗಿ

ಶನಿವಾರ ನಸುಕಿನ 1.30. ಎಚ್‌ಎಸ್‌ಆರ್ ಬಡಾವಣೆಯ ಸಣ್ಣ ಕಂಪನಿಯೊಂದರ ಜಾಲತಾಣ ನಿಂತುಹೋಗಿದೆ. ಸರ್ವರಿನ ಮರ್ಮ ಬಲ್ಲವರು ಧರ್ಮಸ್ಥಳದ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುತ್ತಿದ್ದಾರೆ, ಫೋನಿಗೆ ಸಿಗ್ನಲ್ ಇಲ್ಲ. ಪಾಳಿಯಲ್ಲಿರುವ ಹುಡುಗಿ ಕೆಲಸಕ್ಕೆ ಸೇರಿ ಮೂರು ವಾರವಷ್ಟೇ ಆಗಿದೆ. ಇಂಥ ರಾತ್ರಿಗಳನ್ನು ನಾನು ಹಲವು ಕಚೇರಿಗಳಲ್ಲಿ ಕಂಡಿದ್ದೇನೆ. ಕೈಪಿಡಿ ಎಲ್ಲ ಕಡೆಯೂ ಇತ್ತು. ಆದರೆ ವಿಷಯ ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಅರ್ಥವಾಗುತ್ತಿತ್ತು.

ಮೊದಲು ಜಾಗ. ಕೋಡನ್ನೂ ಅದರ ಬದಲಾವಣೆಗಳನ್ನೂ ಕಾಪಿಡುವ ಗಿಟ್ ಭಂಡಾರದಲ್ಲೇ ಕೈಪಿಡಿ ಇರಲಿ, ಒಂದು ಪ್ರತಿ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಸೂಚನೆಯನ್ನು ಕೈಪಿಡಿ ಎಂದು ಕರೆಯಬೇಡಿ.

ಆಮೇಲೆ ಮೊದಲ ಪುಟ. ಸರ್ವರ್ ಏನು ಮಾಡುತ್ತದೆ, ಒಳಗೆ ಹೋಗುವುದು ಹೇಗೆ, ಯಾರ ನಂತರ ಯಾರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ಪಾಸ್‌ವರ್ಡ್ ಬರೆಯಬೇಡಿ, ಅದು ಎಲ್ಲಿ ಸಿಗುತ್ತದೆಂದು ಬರೆಯಿರಿ. ಗಡಿಯಾರದ ಬಗ್ಗೆಯೂ ಒಂದು ಸಾಲು ಇರಲೇಬೇಕು: ಸಾಮಾನ್ಯವಾಗಿ ಸರ್ವರ್‌ಗಳು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ತೋರಿಸುತ್ತವೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಶನಿವಾರ ನಸುಕಿನ 1.30 ಅಲ್ಲಿ ಇನ್ನೂ ಶುಕ್ರವಾರ ರಾತ್ರಿ 8. ಇದು ತಿಳಿಯದೆ ಶನಿವಾರದ ಲಾಗ್ (ನಡೆದದ್ದನ್ನು ಸರ್ವರ್ ತಾನೇ ಬರೆದಿಡುವ ದಾಖಲೆ) ಹುಡುಕುತ್ತಾ ಮುಕ್ಕಾಲು ಗಂಟೆ ಕಳೆದವರನ್ನು ನೋಡಿದ್ದೇನೆ.

ಮೂರನೆಯದು ತೊಂದರೆಯ ಪುಟಗಳು. ಹತ್ತರಲ್ಲಿ ಒಂಬತ್ತು ಕೈಪಿಡಿಗಳು ಕೆಡುವುದು ಇಲ್ಲೇ. 'ಡಿಸ್ಕ್ ತುಂಬಿದರೆ ಹಳೆಯ ಲಾಗ್ ತೆಗೆಯಿರಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಅದನ್ನು ನಂಬಿ ಹೊಸಬರು ಎಲ್ಲಕ್ಕಿಂತ ದೊಡ್ಡ ಲಾಗ್ ಫೈಲನ್ನು ಅಳಿಸುತ್ತಾರೆ. ಡಿಸ್ಕ್ ಮಾತ್ರ ತುಂಬಿಯೇ ಇರುತ್ತದೆ! ಹೆದರಿ ಇನ್ನೊಂದು ಫೈಲ್ ಅಳಿಸುತ್ತಾರೆ, ಮತ್ತೊಂದು ಅಳಿಸುತ್ತಾರೆ. ಕಾರಣ ಇಷ್ಟೇ: ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಫೈಲನ್ನು ತೆರೆದು ಹಿಡಿದಿದ್ದರೆ, ಹೆಸರು ಅಳಿಸಿದರೂ ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಂ ಫೈಲನ್ನು ಮುಚ್ಚಬೇಕು ಅಥವಾ ರೀಸ್ಟಾರ್ಟ್ ಆಗಬೇಕು.

ಆದ್ದರಿಂದ ಆ ಪುಟವನ್ನು ಹೀಗೆ ಬರೆಯಿರಿ. ಮೊದಲು ಲಕ್ಷಣ, ಕಣ್ಣಿಗೆ ಕಾಣುವ ಮಾತುಗಳಲ್ಲೇ: 'ಲಾಗಿನ್ ಆಗುತ್ತದೆ, ಫೋಟೊ ಅಪ್‌ಲೋಡ್ ಆಗುವುದಿಲ್ಲ'. ನಂತರ ಟೈಪ್ ಮಾಡಬೇಕಾದ ಕಮಾಂಡ್, ಅದರ ಕೆಳಗೆ ಏನು ಕಾಣಬೇಕು ಎಂಬುದು. ಏನು ಕಾಣಬೇಕು ಎಂಬ ಈ ಭಾಗವನ್ನು ಯಾರೂ ಬರೆಯುವುದಿಲ್ಲ. ಅದಿಲ್ಲದೆ ತಾನು ಸರಿದಾರಿಯಲ್ಲಿದ್ದೇನೆಯೇ ಎಂದು ಹೊಸಬರಿಗೆ ತಿಳಿಯುವುದು ಹೇಗೆ? ಡಿಸ್ಕಿನಲ್ಲಿ ಉಳಿದ ಜಾಗ ತೋರಿಸುವ ಡಿಎಫ್ (df) ಕಮಾಂಡ್ ಡಿಸ್ಕ್ ತುಂಬಿದೆ ಎನ್ನುತ್ತದೆ, ಫೈಲುಗಳ ಗಾತ್ರ ಕೂಡಿಸುವ ಡಿಯು (du) ಕಮಾಂಡಿನ ಲೆಕ್ಕ ಮಾತ್ರ ಅದಕ್ಕಿಂತ ಬಹಳ ಕಡಿಮೆ ಇದೆ ಎಂದಾದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರಬಹುದು. ತೆರೆದಿರುವ ಫೈಲುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಒಎಫ್ (lsof) ಕಮಾಂಡ್ ಆ ಪ್ರೋಗ್ರಾಂ ಹೆಸರು ಹೇಳುತ್ತದೆ. ಡಿಎಫ್‌ನಲ್ಲಿ ಜಾಗ ಇದ್ದೂ ಫೈಲ್ ಬರೆಯಲಾಗದಿದ್ದರೆ ಐನೋಡ್‌ಗಳು (ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾಗುವ ಒಂದೊಂದು ನಮೂದು) ಮುಗಿದಿರಬಹುದು. ಬಳಕೆದಾರರ ಲಾಗಿನ್ ನೆನಪಿಡುವ ಲಕ್ಷಗಟ್ಟಲೆ ಸಣ್ಣ ಸೆಷನ್ ಫೈಲ್‌ಗಳು ಸೇರಿಕೊಂಡಾಗ ಹೀಗಾಗುತ್ತದೆ.

ಕೊನೆಗೆ, ಮಾಡಬಾರದ್ದು. ಬಳಕೆಯಲ್ಲಿರುವ ಲಾಗನ್ನು ಅಳಿಸಬಾರದು. ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಟ್ರಂಕೇಟ್ ಕಮಾಂಡಿನಿಂದ ಖಾಲಿ ಮಾಡಬೇಕು. ತುಂಬಿದ ಡಿಸ್ಕಿನಲ್ಲೇ ಜಿಪ್ ಮಾಡಲು ಹೋಗಬೇಡಿ, ಜಿಪ್ ಫೈಲಿಗೂ ಜಾಗ ಬೇಕಲ್ಲ. ನಕಲು ಮಾಡದೆ ಖಾಲಿ ಮಾಡಲೂಬೇಡಿ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು.

ಕಮಾಂಡುಗಳನ್ನು ಅಕ್ಷರಗಳಲ್ಲೇ ಕೊಡಿ. ಸ್ಕ್ರೀನ್‌ಶಾಟ್ ಅಂಟಿಸುವುದು ಸೋಮಾರಿತನ. ಚಿತ್ರದಿಂದ ನೋಡಿ ಟೈಪ್ ಮಾಡುವಾಗ ಒಂದು ಚುಕ್ಕಿ ತಪ್ಪಿದರೂ ಕೆಲಸ ಕೆಡುತ್ತದೆ.

ಇನ್ನು ಪರೀಕ್ಷೆ. ತಂಡಕ್ಕೆ ಹೊಸದಾಗಿ ಸೇರಿದವರನ್ನು ಪ್ರಯೋಗದ ಸರ್ವರಿನ ಮುಂದೆ ಕೂರಿಸಿ, ಪುಟವನ್ನು ಕೈಗೆ ಕೊಡಿ. ಬರೆದವರು ಹಿಂದೆ ಕೂರಲಿ, ಒಂದು ಮಾತನ್ನೂ ಆಡದೆ. ಇದು ಕಷ್ಟ. 'ಅಲ್ಲಲ್ಲ, ಮೊದಲು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಬೇಕು' ಎಂದು ಬಾಯಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಂಡು ಕಾಗದದಲ್ಲಿ ಬರೆದುಕೊಳ್ಳಿ, ಕೈಪಿಡಿಯಲ್ಲಿ ಬಿಟ್ಟುಹೋದ ಸಾಲು ಅದೇ. ಪರೀಕ್ಷಿಸಿದ ದಿನಾಂಕವನ್ನು ಪುಟದ ತಲೆಯಲ್ಲಿ ಹಾಕಿ. ಮೂರು ತಿಂಗಳು ದಾಟಿದ ಪುಟವನ್ನು ನಾನಂತೂ ನಂಬುವುದಿಲ್ಲ.

ಬ್ಯಾಕಪ್ ಪುಟಕ್ಕೂ ಇದೇ ಪರೀಕ್ಷೆ: ಡೇಟಾಬೇಸನ್ನು ಖಾಲಿ ಯಂತ್ರದ ಮೇಲೆ ಮರಳಿ ತಂದು ನೋಡಬೇಕು. 2017ರ ಜನವರಿ 31ರಂದು, ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ ಕಂಪನಿಯ ಎಂಜಿನಿಯರೊಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸಿನ ಫೈಲ್‌ಗಳನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ತಂತ್ರಾಂಶದ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು, ವೈಫಲ್ಯ ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆಗಳ ಮಾಹಿತಿ ಹೋಯಿತು. ಆ ಕಂಪನಿ ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದ ನಾವು ಇಂದು ಕಲಿಯಬಹುದಾಗಿದೆ.

ಕೋಡಿನ ಒಳಗಿನ ಟಿಪ್ಪಣಿಯಲ್ಲಿ ಕಾರಣ ಬರೆಯಿರಿ. 'ಇಲ್ಲಿ 30 ಸೆಕೆಂಡ್ ಕಾಯುತ್ತದೆ' ಎಂಬುದು ಕೋಡಿನಲ್ಲೇ ಕಾಣುತ್ತದೆ. 'ತಿಂಗಳ ಮೊದಲ ದಿನ ಬ್ಯಾಂಕಿನ ಉತ್ತರ ತಡವಾಗುತ್ತದೆ. ಕಡಿಮೆ ಮಾಡಿದರೆ ಒಂದೇ ಪಾವತಿ ಎರಡು ಸಲ ಹೋಗುತ್ತದೆ' ಎಂಬುದನ್ನು ಪೆಟ್ಟು ತಿಂದವರೇ ಬರೆಯಬೇಕು. ಕೋಡ್ ಓದಿ ದಾಖಲೆ ಬರೆದುಕೊಡುವ ಎಐ ಸಲಕರಣೆಗಳಿಗೆ ದುಡ್ಡು ಸುರಿಯುವವರೂ ಇದನ್ನು ಗಮನಿಸಲಿ, ಕೋಡಿನಲ್ಲಿಲ್ಲದ ಕಾರಣ ಅವಕ್ಕೂ ಸಿಗುವುದಿಲ್ಲ.

ಯಾರಾದರೂ ರಾಜೀನಾಮೆ ಕೊಟ್ಟಾಗ 'ಹೋಗುವ ಮುನ್ನ ಎಲ್ಲ ಬರೆದಿಡಿ' ಎನ್ನುವುದು ಬೆಂಗಳೂರಿನ ಕಚೇರಿಗಳ ವಾಡಿಕೆ. ಕೊನೆಯ ವಾರ ನಲವತ್ತು ಪುಟ ಸಿದ್ಧವಾಗುತ್ತದೆ, ಒಂದೂ ಪರೀಕ್ಷೆಯಾಗಿರುವುದಿಲ್ಲ. ಬದಲಾಗಿ ನೋಟಿಸ್ ಅವಧಿಯ ಮೊದಲ ದಿನದಿಂದಲೇ ಸರ್ವರಿನ ಕೆಲಸವನ್ನೆಲ್ಲ ಉಳಿಯುವವರ ಕೈಯಿಂದ ಮಾಡಿಸಿ, ಬರೆಯುವ ಕೆಲಸವನ್ನೂ ಅವರಿಗೇ ವಹಿಸಿ. ಹೋಗುವವರು ಪಕ್ಕದಲ್ಲಿ ಕೂತು ತಿದ್ದಲಿ.