ಇಂಟರ್‌ಸ್ಟೆಲ್ಲಾರ್ ಮ್ಯೂಸಿಕ್ ಕೇಳೋದು ಹೆಂಗೆ ಗೊತ್ತಾ?

ಮೊದ್ಲು ಮೊಬೈಲ್ ಸ್ಪೀಕರ್ ಆಫ್ ಮಾಡಿ. 2014ರ ಈ ಬಾಹ್ಯಾಕಾಶದ ಸಿನಿಮಾಗೆ ಮ್ಯೂಸಿಕ್ ಡೈರೆಕ್ಟರ್ ಹ್ಯಾನ್ಸ್ ಜಿಮ್ಮರ್ ಬಳಸಿರೋದು ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್, ಅದರ ಮಂದ್ರ ಸ್ವರ ಕಿವಿಗಿಂತ ಎದೆಗೆ ಬಡೀಬೇಕು, ಹಂಗಾಗಿ ಒಳ್ಳೆ ಹೆಡ್‌ಫೋನ್ ಆದ್ರೂ ಬೇಕೇ ಬೇಕು. ನಮ್ಮ ಹಾರ್ಮೋನಿಯಂ ತರನೇ ಇದಕ್ಕೂ ಗಾಳಿ ಇಲ್ದೆ ಸ್ವರ ಇಲ್ಲ, ಗಾಳಿನೇ ಇಲ್ಲದ ಜಾಗದ ಕಥೆಗೆ ಇದನ್ನ ತಂದು ಹಾಕಿದಾರಲ್ಲ, ನಂಗೆ ಅದೇ ಮಜಾ.

ಆಮೇಲೆ 'ಮೌಂಟೇನ್ಸ್' ಅನ್ನೋ ಟ್ರ್ಯಾಕ್ ಹಾಕಿ, ಸಿನಿಮಾದಲ್ಲಿ ದೈತ್ಯ ಅಲೆಗಳ ಗ್ರಹದ ಸೀನಿಗೆ ಬರೋದು ಇದೇ. ಹಿಂದೆ ಟಿಕ್ ಟಿಕ್ ಅಂತ ಕೇಳುತ್ತಲ್ಲ, ಅದು ಸುಮಾರು 1.25 ಸೆಕೆಂಡಿಗೊಂದು. ಆ ಅಲೆಗಳ ಗ್ರಹದಲ್ಲಿ 1 ಗಂಟೆ ಅಂದ್ರೆ ಭೂಮಿಲಿ 7 ವರ್ಷ, ಸೋ ಒಂದು ಟಿಕ್ ಅಂದ್ರೆ ಇಲ್ಲಿ ಒಂದು ದಿನ ಅಂತ ಫ್ಯಾನ್ಸ್ ವಾದ. ನಾನೂ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತೆ, 21 ಗಂಟೆ ಚಿಲ್ಲರೆ ಬಂತು, ಹೋಗ್ಲಿ ಬಿಡಿ, ಹತ್ತಿರ ಹತ್ತಿರ ಇದೆ! ಕಣ್ಮುಚ್ಚಿ ಎಣಿಸ್ತಾ ಹೋಗಿ, ನಾಲ್ಕೈದು ಟಿಕ್ ಆಗೋಷ್ಟ್ರಲ್ಲಿ ಹೊಟ್ಟೇಲಿ ಏನೋ ಒಂಥರಾ ಆಗುತ್ತೆ.

ಮ್ಯೂಸಿಕ್ ಜೋರಾಗಿ ಡೈಲಾಗೇ ಕೇಳಲ್ಲ ಅನ್ನೋ ದೂರು ರಿಲೀಸ್ ಟೈಮಿಂದ ಇದೆ, ಅದು ಸುಳ್ಳಲ್ಲ. ಸಬ್‌ಟೈಟಲ್ ಹಾಕ್ಕೊಳ್ಳಿ, ವಾಲ್ಯೂಮ್ ಮಾತ್ರ ಇಳಿಸ್ಬೇಡಿ.

ಇನ್ನು ಡಾಕಿಂಗ್ ಸೀನಿನ (ಒಂದು ನೌಕೆನ ಇನ್ನೊಂದಕ್ಕೆ ಜೋಡಿಸೋ ಸೀನ್) 'ನೋ ಟೈಮ್ ಫಾರ್ ಕಾಷನ್' ಮೊದಲು ಬಂದ ಸ್ಟ್ಯಾಂಡರ್ಡ್ ಆಲ್ಬಮ್ಮಲ್ಲಿ ಇರ್ಲಿಲ್ಲ, ಫ್ಯಾನ್ಸ್ ಉರ್ಕೊಂಡಿದ್ದೇ ಅದಕ್ಕೆ. ಆಮೇಲೆ ಬಂತು, ಪ್ಲೇಲಿಸ್ಟಿಗೆ ಅದನ್ನ ಬೇರೆಯಾಗಿ ಹುಡುಕಿ ಸೇರಿಸ್ಕೊಳ್ಳಿ, ರಾತ್ರಿ ಲೈಟ್ ಆರಿಸಿ ಕೇಳಿ, ಪಕ್ಕದ ಮನೆಯವ್ರು ಮಲಗಿದ್ರೆ ಹೆಡ್‌ಫೋನಲ್ಲಿ.