ಹಳೇ ಗೇಮ್ ಓಡುತ್ತಾ? ಕನ್ಸೋಲ್ ಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆ

ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲುಗಳಲ್ಲಿ ಸೋನಿ ಒಳ್ಳೆಯದಾ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒಳ್ಳೆಯದಾ, ಇಲ್ಲಾ ನಿಂಟೆಂಡೊನಾ ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಮೂರನ್ನೂ ಆಡಿದ್ದೇನೆ, ಈಗಲೂ ಆಡುತ್ತೇನೆ. ಗ್ರಾಫಿಕ್ಸ್, ಪ್ರೊಸೆಸರ್ ಎಲ್ಲ ಆಮೇಲಿನ ಮಾತು. ಮೊದಲು ನೋಡುವುದು ಒಂದೇ: ಈ ಕಂಪನಿ ತನ್ನ ಹಳೇ ಗೇಮುಗಳನ್ನು ಹೇಗೆ ನೋಡಿಕೊಂಡಿದೆ? ನಾನು ದುಡ್ಡು ಕೊಟ್ಟು ತಂದ ಡಿಸ್ಕು ಅದರ ಮುಂದಿನ ಕನ್ಸೋಲಿನಲ್ಲಿ ಓಡುತ್ತಾ?

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬ್ರ್ಯಾಂಡ್ ಮಾತೇ ಇರಲಿಲ್ಲ. ಅಂಗಡಿಯಲ್ಲಿ 'ಟಿವಿ ಗೇಮ್ ಕೊಡಿ' ಅಂದರೆ ಸಾಕಿತ್ತು. ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಗೇಮ್ ಇದೆ ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಅವೇ ಕೆಲವು ಗೇಮುಗಳು, ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು, ಅಷ್ಟೆ. ಆದರೆ ಆ ಕೆಲವೇ ಗೇಮುಗಳು ಎಂಥವು! ಮಾರಿಯೋ, ರೋಡ್ ಫೈಟರ್, ಬ್ಯಾಟಲ್ ಸಿಟಿ, ಕಾಂಟ್ರಾ.

ಕಾಂಟ್ರಾದ ಜಲಪಾತದ ಹಂತ ಆಡಿದವರಿಗೆ ಈ ಮಾತು ಗೊತ್ತಿರುತ್ತದೆ. ಅಲ್ಲಿ ಪರದೆ ಮೇಲಕ್ಕೆ ಮಾತ್ರ ಸರಿಯುತ್ತದೆ. ಇಬ್ಬರು ಆಡುವಾಗ ಒಬ್ಬ ಸರಸರ ಹತ್ತಿಬಿಟ್ಟರೆ ಕೆಳಗೆ ಉಳಿದವನು ಸತ್ತ. 'ಅಣ್ಣಾ, ನಿಂತ್ಕೋ, ನಾನಿನ್ನೂ ಕೆಳಗಿದೀನಿ' ಅಂತ ನಾನು ಕೂಗುತ್ತಿದ್ದೆ. ಅಣ್ಣ ಒಂದು ಬಂಡೆಯ ಮೇಲೆ ನಿಂತು, ಮೇಲಿಂದ ಬರುವ ಗುಂಡು ತಪ್ಪಿಸಿಕೊಳ್ಳುತ್ತಾ ಕಾಯುತ್ತಿದ್ದ. ಜೊತೆಗಾರನಿಗೆ ಕಾಯಬೇಕು ಅಂತ ಆ ಗೇಮ್ ಎಲ್ಲೂ ಬರೆದು ಹೇಳುವುದಿಲ್ಲ. ಆಡುತ್ತಾ ಆಡುತ್ತಾ ಗೊತ್ತಾಗುತ್ತದೆ. ಹಳೇ ಗೇಮು ನನಗೆ ಇಷ್ಟವಾಗುವುದು ಇದಕ್ಕೇ, ಬರೀ ಬಾಲ್ಯದ ನೆನಪಿಗಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ 40 ಕಿಲೋಬೈಟು. ಜಾಗ ಸಾಲದೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಮುಂದಿನ ಸಲ ಆಡುವಾಗ ಗಮನಿಸಿ. ಇಂಥ ಕೆಲಸ ಕಳೆದುಹೋಗಬಾರದು ಅಲ್ವಾ?

ಈ ಅಳತೆಯಲ್ಲಿ ಸೋನಿ ಶುರುವಿನಲ್ಲಿ ಬಹಳ ಚೆನ್ನಾಗಿತ್ತು. 2000ದಲ್ಲಿ ಬಂದ ಪಿಎಸ್2 (ಪ್ಲೇಸ್ಟೇಷನ್ 2) ಮೊದಲ ಪ್ಲೇಸ್ಟೇಷನ್ನಿನ ಡಿಸ್ಕುಗಳನ್ನೂ ಓಡಿಸಿತು. ಅದು 15 ಕೋಟಿಗೂ ಜಾಸ್ತಿ ಮಾರಾಟವಾಯಿತು. 2006ರಲ್ಲಿ ಜಪಾನ್, ಅಮೆರಿಕದಲ್ಲಿ ಬಂದ ಮೊದಲ ಪಿಎಸ್3ಗಳ ಒಳಗೆ ಪಿಎಸ್2ರ ಚಿಪ್ಪುಗಳನ್ನೇ ಕೂರಿಸಿದ್ದರು. ಖರ್ಚು ಉಳಿಸಲು ಆಮೇಲೆ ತೆಗೆದುಹಾಕಿದರು. ಪಿಎಸ್4ಕ್ಕೆ ಹಳೇ ಡಿಸ್ಕು ಹಾಕಿದರೆ ಓಡುವುದೇ ಇಲ್ಲ. ಪಿಎಸ್5 ಪಿಎಸ್4ರ ಗೇಮುಗಳನ್ನು ಓಡಿಸುತ್ತದೆ, ಅದರ ಹಿಂದಿನ ಡಿಸ್ಕುಗಳನ್ನು ಮುಟ್ಟುವುದಿಲ್ಲ. 2021ರಲ್ಲಿ ಪಿಎಸ್3 ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾದ ಆನ್‌ಲೈನ್ ಅಂಗಡಿ ಮುಚ್ಚುತ್ತೇವೆ ಅಂದರು. ಜನ ಗಲಾಟೆ ಮಾಡಿದ ಮೇಲೆ ಆ ಮಾತು ಹಿಂದೆ ತೆಗೆದುಕೊಂಡರು. ಗಲಾಟೆ ಮಾಡಿದವರಿಗೆ ನನ್ನ ನಮಸ್ಕಾರ.

ನಿಂಟೆಂಡೊ ಗೇಮ್ ಮಾಡುವುದರಲ್ಲಿ ಎಲ್ಲರಿಗಿಂತ ಮುಂದು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಹಳೇ ಕನ್ಸೋಲುಗಳಲ್ಲಿ ವೀಯ ಆನ್‌ಲೈನ್ ಅಂಗಡಿ 2019ರಲ್ಲಿ, 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರಲ್ಲಿ ಮುಚ್ಚಿದವು. ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮುಗಳನ್ನು ಈಗ ಹೊಸದಾಗಿ ಕೊಳ್ಳುವ ದಾರಿಯಿಲ್ಲ. ಸ್ವಿಚ್‌ನಲ್ಲಿ ಅವರ ಹಳೇ ಗೇಮುಗಳು ಹೆಚ್ಚಾಗಿ ಚಂದಾ ಕಟ್ಟಿದಷ್ಟು ದಿನ ಮಾತ್ರ. ನನಗಿದು ಸರಿ ಕಾಣುವುದಿಲ್ಲ.

ಎಕ್ಸ್‌ಬಾಕ್ಸ್ ಬಗ್ಗೆ ನನಗೆ ಮೊದಲು ಅಷ್ಟೇನೂ ಒಲವಿರಲಿಲ್ಲ. 2015ರಲ್ಲಿ ಎಕ್ಸ್‌ಬಾಕ್ಸ್ ಒನ್ ಮೇಲೆ ಅದರ ಹಿಂದಿನ ಎಕ್ಸ್‌ಬಾಕ್ಸ್ 360ರ ಗೇಮುಗಳನ್ನು ಓಡಿಸಲು ಶುರು ಮಾಡಿದಾಗ ಮನಸ್ಸು ತಿರುಗಿತು. ಆಮೇಲೆ ಮೊದಲ ಎಕ್ಸ್‌ಬಾಕ್ಸಿನ ಕೆಲವು ಗೇಮುಗಳೂ ಬಂದವು. ನನ್ನ ಹಳೇ ಡಿಸ್ಕು ಒನ್ ನಂತರ ಬಂದ ಸೀರೀಸ್ ಎಕ್ಸ್ ಒಳಗೆ ಹಾಕಿದರೆ ಗೇಮ್ ನೆಟ್‌ನಿಂದ ಇಳಿಯುತ್ತದೆ. ಎರಡನೇ ಸಲ ದುಡ್ಡು ಕೊಡಬೇಕಿಲ್ಲ. ಎಲ್ಲ ಗೇಮು ಪಟ್ಟಿಯಲ್ಲಿಲ್ಲ, 2021ರ ನಂತರ ಹೊಸದನ್ನು ಸೇರಿಸುವುದೂ ನಿಂತಿದೆ. ಆದರೂ ಈ ವಿಷಯದಲ್ಲಿ ನನ್ನ ಮತ ಅವರಿಗೇ.

ಕಂಪನಿಗಳನ್ನೇ ನಂಬಿ ಕೂರಲು ಆಗುವುದಿಲ್ಲ. ಹಾಗಾಗಿ ಮನೆಯಲ್ಲಿ ನಾನೇ ಮಾಡಿಕೊಂಡಿರುವ ವ್ಯವಸ್ಥೆ ಹೇಳುತ್ತೇನೆ.

ಒಂದು ಹಳೇ ಡಬ್ಬಾ ಟಿವಿ ಇಟ್ಟುಕೊಂಡಿದ್ದೇನೆ. ಚಟಕ್ಕಲ್ಲ, ಅದರ ಅಗತ್ಯ ಇದೆ. ಪರದೆಯತ್ತ ಗನ್ನು ಹಿಡಿದು ಹಕ್ಕಿ ಹೊಡೆಯುವ ಡಕ್ ಹಂಟ್‌ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿಯುತ್ತದೆ. ಹೊಸ ಎಲ್‌ಇಡಿ ಟಿವಿ ಚಿತ್ರ ತೋರಿಸುವುದೇ ಸ್ವಲ್ಪ ತಡ. ಅಷ್ಟರಲ್ಲಿ ಗನ್ನು ನೋಡಿ ಮುಗಿಸಿರುತ್ತದೆ. ಎಷ್ಟು ಗುರಿಯಿಟ್ಟರೂ ಹಕ್ಕಿ ಬೀಳುವುದಿಲ್ಲ. ಇನ್ನೊಂದು ತೊಂದರೆ: ಏಟು ಬಿದ್ದಾಗ ಮಿನುಗುವ ಆಟಗಾರ ಕೆಲವು ಹೊಸ ಟಿವಿಗಳಲ್ಲಿ ಪೂರ್ತಿ ಮಾಯವಾಗುತ್ತಾನೆ. ಹಳೇ ಸಿಗ್ನಲ್ಲನ್ನು ಟಿವಿ ತಪ್ಪಾಗಿ ಓದುವುದರಿಂದ ಹೀಗಾಗುತ್ತದೆ. ಹೊಸ ಟಿವಿಯಲ್ಲೇ ಆಡುತ್ತೀರಾದರೆ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ. ಬಟನ್ ಒತ್ತಿದ್ದಕ್ಕೂ ಮಾರಿಯೋ ನೆಗೆಯುವುದಕ್ಕೂ ನಡುವಿನ ಅಂತರ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ.

ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದಬೇಡಿ. ನಾವೆಲ್ಲ ಊದಿಯೇ ಬೆಳೆದವರು. ಆದರೆ ಉಸಿರಿನ ತೇವ ಪಿನ್ನುಗಳಿಗೆ ಒಳ್ಳೆಯದಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಪಿನ್ನುಗಳನ್ನು ಮೆಲ್ಲಗೆ ಉಜ್ಜಿ. ಹತ್ತಿ ಕಪ್ಪಾಗಿ ಬರುತ್ತದೆ. ಅದು ಬೆಳ್ಳಗೇ ಉಳಿಯುವವರೆಗೆ ಹೊಸ ಕಡ್ಡಿ ತೆಗೆದುಕೊಂಡು ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಸತ್ತೇಹೋಯಿತು ಅಂತ ಬಿಟ್ಟ ಎಷ್ಟೋ ಕ್ಯಾಸೆಟ್ಟುಗಳು ನನ್ನ ಹತ್ತಿರ ಹೀಗೆ ಓಡಿವೆ.

ನಿಂಟೆಂಡೊ ತಂದ, ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್‌ನ ಕ್ಯಾಸೆಟ್ ಇಟ್ಟುಕೊಂಡವರು ಬ್ಯಾಟರಿ ಮರೆಯಬೇಡಿ. ಪೋಕೆಮಾನ್ ಗೋಲ್ಡ್ ಒಳಗಿನ ಗಡಿಯಾರವೂ ಸೇವ್ ಫೈಲೂ ಒಂದೇ ಬಟನ್ ಸೆಲ್ ಮೇಲೆ ನಡೆಯುತ್ತವೆ. ಅದು ಖಾಲಿಯಾದರೆ ಗೇಮ್ ಓಡುತ್ತದೆ, ಆಡಿದ್ದು ಉಳಿಯುವುದಿಲ್ಲ. ಸೆಲ್ಲನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಹಾಗಾಗಿ ಎರಡೂ ಬದಿ ಲೋಹದ ಪಟ್ಟಿ ಇರುವ ಸಿಆರ್2025 ಕೇಳಿ ತನ್ನಿ. ಬೆಸುಗೆ ಬಾರದಿದ್ದರೆ ಮೊಬೈಲ್ ರಿಪೇರಿ ಅಂಗಡಿಯವರಿಗೆ ಕೊಡಿ, ಅವರಿಗೆ ಇದು ಸಣ್ಣ ಕೆಲಸ. ಸೆಲ್ ತೆಗೆದರೆ ಹಳೇ ಸೇವ್ ಅಳಿಸಿಹೋಗುತ್ತದೆ. ಅದು ಬೇಕಿದ್ದರೆ ಕ್ಯಾಸೆಟ್ ಓದುವ ಸಾಧನ (ಕಾರ್ಟ್ರಿಡ್ಜ್ ರೀಡರ್) ಬಳಸಿ ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ಸ್ಕ್ರೂ ಬಿಚ್ಚಿ.