ಶಾಲೆಯಲ್ಲ, ಬಸ್ ರೂಟ್ ಹಿಡಿದೆವು: ಮಕ್ಕಳ ಬೊಜ್ಜಿನ ವಿಷಯದಲ್ಲಿ ನನ್ನ ಅನುಭವ

"ಮಕ್ಕಳ ಬಾಯಿಗೆ ಬೀಗ ಹಾಕ್ಲಿಕ್ಕೆ ಆಗ್ತದಾ ಮಾರಾಯ್ರೇ?" ಅಂತ ಕ್ಲಸ್ಟರ್ ಮೀಟಿಂಗಿನಲ್ಲಿ ಕೇಳಿದ್ದ ಪಿ.ಟಿ. ಮಾಸ್ಟ್ರುಗಳೇ ಈಗ ಫೋನ್ ಮಾಡಿ, ಬಸ್‌ಸ್ಟಾಪಿನ ಅಂಗಡಿಗಳಲ್ಲಿ ಕುರುಕಲಿನ ಬದಲು ನಾವು ಮಾರಿಸಿದ ಉಸ್ಲಿಯ (ಬೇಯಿಸಿದ ಕಾಳಿನ ತಿಂಡಿ) ಲೆಕ್ಕ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ಎತ್ತರ, ತೂಕ, ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ) ಚಾರ್ಟ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮಕ್ಕಳ ಬೊಜ್ಜು ಇಳಿಸುವ ಪ್ರಯತ್ನವನ್ನು ಮೊದಲು ನಮ್ಮ ಒಂದೇ ಶಾಲೆಯಲ್ಲಿ ಮಾಡಿದೆವು. ಏನೂ ಆಗಲಿಲ್ಲ. ಭಾಷಣ ಆಯಿತು, ಪೋಸ್ಟರ್ ಆಯಿತು, ಕ್ಯಾಂಟೀನಿನಲ್ಲಿ ಕುರುಕಲು ಬಂದ್ ಆಯಿತು. ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಅದನ್ನು ತೋರಿಸಿದ ಮೇಲೆ ಎದುರಿನ ಅಂಗಡಿಯವರೂ ಒಪ್ಪಿದರು. ಆದರೆ ನಮ್ಮ ಮಕ್ಕಳು ತಿನ್ನುವುದು ಗೇಟಿನಲ್ಲಿ ಅಲ್ಲ, ಬಸ್‌ಸ್ಟಾಪಿನಲ್ಲಿ. ಸಂಜೆ ಬಸ್ಸಿಗೆ ಕಾಯುವ ಇಪ್ಪತ್ತು ನಿಮಿಷ, ಜೇಬಿನಲ್ಲಿ ಹತ್ತು ರೂಪಾಯಿ, ಕಣ್ಣೆದುರಿಗೇ ನೇತಾಡುವ ಪ್ಯಾಕೆಟ್ ಮಾಲೆ. ಅಂಗಡಿಯವರನ್ನು ಕೇಳಿದರೆ, "ನಾನು ಮಾರದಿದ್ರೆ ಮುಂದಿನ ಸ್ಟಾಪಿನವ ಮಾರ್ತಾನೆ ಸಾರ್" ಎಂದರು. ಅವರು ಹೇಳಿದ್ದು ಸರಿಯೇ.

ಹಾಗಾಗಿ ರೂಟನ್ನೇ ಹಿಡಿದೆವು. ಉಡುಪಿ ಹತ್ತಿರದ ಸಂತೆಕಟ್ಟೆಯಿಂದ ಕೆಮ್ಮಣ್ಣು ದಾಟಿ ಹೂಡೆ ಕಡೆಗೆ ಹೋಗುವ ದಾರಿ. ಪಂಚಾಯತ್ ಗಡಿ ಎಲ್ಲಿ ಮುಗಿಯುತ್ತದೆ ಅನ್ನುವುದು ಮಕ್ಕಳಿಗೆ ಲೆಕ್ಕವೇ ಅಲ್ಲ. ಐದಾರು ಶಾಲೆ, ಅಂಗನವಾಡಿಗಳು, ಹನ್ನೆರಡೋ ಹದಿಮೂರೋ ಅಂಗಡಿ, ಒಂದು ಮಹಿಳಾ ಮಂಡಲ, ಆರೋಗ್ಯ ಕೇಂದ್ರದ ಡಾಕ್ಟರು, ಎಲ್ಲರೂ ಒಂದೇ ದಿನ ಶುರು ಮಾಡಬೇಕು ಎಂದು ಹಠ ಹಿಡಿದೆ. ಫ್ರಾನ್ಸಿನಲ್ಲಿ 2004ರಲ್ಲಿ 10 ಊರುಗಳು ಒಟ್ಟಾಗಿ ಮಕ್ಕಳ ಬೊಜ್ಜು ತಡೆಯುವ ‘ಎಪೋಡ್’ ಕಾರ್ಯಕ್ರಮ ಶುರು ಮಾಡಿದ್ದೂ ಹೀಗೆ ಶಾಲೆ, ಡಾಕ್ಟರು, ವ್ಯಾಪಾರಿಗಳನ್ನು ಸೇರಿಸಿಕೊಂಡೇ. ಅಲ್ಲಿ ಮೇಯರ್‌ಗಳು ಮುಂದೆ ನಿಂತರು. ನಮ್ಮಲ್ಲಿ ಅಂಗಡಿಯವರನ್ನೇ ಮುಂದೆ ನಿಲ್ಲಿಸಬೇಕು.

ಅವರಿಗೆ ಉಪದೇಶ ಬೇಡ, ಲಾಭ ಬೇಕು. ಹತ್ತು ರೂಪಾಯಿಯ ಪ್ಯಾಕೆಟಿನಲ್ಲಿ ಅವರಿಗೆ ಉಳಿಯುತ್ತಿದ್ದುದು ಒಂದು ರೂಪಾಯಿ ಚಿಲ್ಲರೆ. ಮಹಿಳಾ ಮಂಡಲದವರು ಕಡಲೆ, ಹೆಸರುಕಾಳಿನ ಉಸ್ಲಿ ಮಾಡಿ ಅಂಗಡಿಗೆ ಏಳೂವರೆ ರೂಪಾಯಿಗೆ ಕೊಟ್ಟರು, ಮಾರುವ ಬೆಲೆ ಹತ್ತು. ಮೊದಲ ತಿಂಗಳು ಅರ್ಧಕ್ಕರ್ಧ ಹಳಸಿಹೋಗಿ ಮೂರು ಸಾವಿರದ ಹತ್ತಿರ ನಷ್ಟ. ಕಾಯಿತುರಿ ಬೆಳಿಗ್ಗೆಯೇ ಬೆರೆಸಿದರೆ ಸಂಜೆ ನಾಲ್ಕಕ್ಕೆ ವಾಸನೆ ಬರುತ್ತದೆ. ಮಾರುವಾಗ ಅಂಗಡಿಯಲ್ಲೇ ಮೇಲಿಂದ ಹಾಕಿಸಿದ ಮೇಲೆ ಸರಿಹೋಯಿತು. ಹಣ್ಣು ಹೆಚ್ಚಿಟ್ಟು ನೋಡಿದೆವು, ಯಾರೂ ಮುಟ್ಟಲಿಲ್ಲ. ಪುನರ್ಪುಳಿ (ಕೋಕಂ) ಶರಬತ್ತು ಮಾತ್ರ ಚೆನ್ನಾಗಿ ಓಡಿತು, ಆದರೆ ಅದರಲ್ಲಿ ಸಕ್ಕರೆ! 300 ಎಂ.ಎಲ್. ಕೋಲಾದಲ್ಲಿ 30 ಗ್ರಾಂ ದಾಟಿ ಸಕ್ಕರೆ ಇದೆ ಎಂದು ಮಕ್ಕಳೆದುರು ಚಮಚದಲ್ಲಿ ಅಳೆದು ತೋರಿಸಿ, ಶರಬತ್ತಿಗೂ ಅಷ್ಟೇ ಸುರಿದರೆ ಹೇಗೆ? ಮಕ್ಕಳಿಗೆ ಗೊತ್ತಾಗದ ಹಾಗೆ ತಿಂಗಳುಗಟ್ಟಲೆ ಇಳಿಸುತ್ತಾ ಬಂದು ಈಗ ಅರ್ಧಕ್ಕಿಂತ ಕಡಿಮೆ ಆಗಿದೆ. ಯಾವ ವಾರ ಎಷ್ಟು, ಬದಲಿಗೆ ಏನು ಹಾಕಿದರು ಅನ್ನುವುದು ಮಹಿಳಾ ಮಂಡಲದವರ ವ್ಯಾಪಾರದ ಗುಟ್ಟು, ಹೇಳುವುದಿಲ್ಲ. ಕೊನೆಯವರೆಗೂ ಒಪ್ಪದ ಒಬ್ಬ ಅಂಗಡಿಯವರನ್ನು ಒಪ್ಪಿಸಿದ ಬಗೆಯೂ ನನ್ನಲ್ಲೇ ಇರಲಿ.

ತಕ್ಕಡಿ, ಎತ್ತರದ ಸ್ಟ್ಯಾಂಡ್, ನಷ್ಟ ಎಲ್ಲ ಸೇರಿ ಮೊದಲ ವರ್ಷ ನಲವತ್ತು ಸಾವಿರದ ಆಸುಪಾಸು ಆಯಿತು. ಅರ್ಧ ಹಳೆ ವಿದ್ಯಾರ್ಥಿಗಳು ಕೊಟ್ಟರು.

ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮಗೆ ಸಿಗುವುದು ವಾರಕ್ಕೆ ಎರಡು ಪಿರಿಯಡ್, ಅದರಲ್ಲೂ ಒಂದನ್ನು ಗಣಿತದವರು ಕೇಳಿ ಪಡೆಯುತ್ತಾರೆ. ಅದಕ್ಕೆ ದೊಡ್ಡ ಮಕ್ಕಳ ಜೊತೆ ಸಣ್ಣವರನ್ನು ಒಂದು ಸ್ಟಾಪ್ ಮೊದಲೇ ಇಳಿಸಿ ನಡೆಸಿದೆವು. ಕಂಡಕ್ಟರುಗಳು ಎಷ್ಟು ಚೆನ್ನಾಗಿ ಸಹಕರಿಸಿದರು ಅಂದರೆ, ಇಳಿಯದ ಮಕ್ಕಳ ಹೆಸರು ನನಗೆ ಅವರೇ ಹೇಳುತ್ತಿದ್ದರು.

ಜೂನ್ ಬಂದರೆ ಇದೆಲ್ಲ ನಿಂತಿತು. ಮೈದಾನ ಕೆಸರು, ರಸ್ತೆ ನೀರು. ಆಗ ಹಾಲ್‌ನಲ್ಲಿ ಯಕ್ಷಗಾನದ ಹೆಜ್ಜೆ ಕಲಿಸಿ ನೋಡಿದೆವು. ಸುಮ್ನೆ ಕುತೂಹಲಕ್ಕೆ ಸ್ಟೆಪ್ ಕೌಂಟರ್ ಕಟ್ಟಿದೆ: ಮುಕ್ಕಾಲು ಗಂಟೆಗೆ ಎರಡೂವರೆ, ಮೂರು ಸಾವಿರ ಹೆಜ್ಜೆ. ಮಾತಾಡಬಹುದು, ಹಾಡಲು ಉಸಿರು ಸಾಲದು, ಅಷ್ಟು ಬಿರುಸು. ಕಬಡ್ಡಿಗೆ ಬಾರದ ಹೆಣ್ಣುಮಕ್ಕಳೂ ಬಂದರು. ಆದರೆ ತೂಕ ಜಾಸ್ತಿ ಇರುವ ಮಕ್ಕಳಿಗೆ ಮೊಣಕಾಲೂರಿ ಸುತ್ತುವ ಮಂಡಿ ಕುಣಿತ ಕೊಡಲೇಬೇಡಿ, ಮೊಣಕಾಲು ಹೋಗುತ್ತದೆ.

ಇನ್ನೊಂದು ಮಾತು. ಒಂದು ಶಾಲೆಯಲ್ಲಿ ಅಸೆಂಬ್ಲಿಯಲ್ಲೇ ಮಕ್ಕಳ ತೂಕ ಓದಿಬಿಟ್ಟರು. ಮುಂದಿನ ಅಳತೆಯ ದಿನ ಆ ಮಕ್ಕಳು ಶಾಲೆಗೇ ಬರಲಿಲ್ಲ. ಒಂದು ಹುಡುಗಿ ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದಳು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಳತೆ ಕೋಣೆಯೊಳಗೆ ಆಗಬೇಕು, ತೂಕದ ಚೀಟಿ ಮುಚ್ಚಿದ ಕವರಿನಲ್ಲಿ ಮನೆಗೆ ಹೋಗಬೇಕು. ಇದನ್ನು ಒಪ್ಪದ ಶಾಲೆಯನ್ನು ಸೇರಿಸಿಕೊಳ್ಳಬೇಡಿ.

ಶುರುವಿನಲ್ಲಿ ನೂರಕ್ಕೆ ಹದಿನೇಳು, ಹದಿನೆಂಟು ಮಕ್ಕಳು ಬಿ.ಎಂ.ಐ. ಚಾರ್ಟಿನಲ್ಲಿ ಅಧಿಕ ತೂಕದ ಗೆರೆ ದಾಟಿದ್ದರು. ಎರಡು ವರ್ಷ ಕಳೆದ ಮೇಲೆ ಹದಿಮೂರರ ಹತ್ತಿರ ಇದೆ. ನಾವು ಒಬ್ಬರೇ ಮಾಡಿದ ವರ್ಷ ಅದು ಏರಿತ್ತು.

ಬರುವ ಜೂನ್‌ನಿಂದ ಪಕ್ಕದ ರೂಟಿನವರೂ ಸೇರುತ್ತಿದ್ದಾರೆ. ಅಲ್ಲಿ ಬೇಕರಿ ಜಾಸ್ತಿ, ಉಸ್ಲಿ ಒಂದೇ ಸಾಲದು. ಸುತ್ತಿದ ಎಲೆಯೊಳಗೆ ಇಡ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ ಮೂಡೆಯನ್ನು ಸಣ್ಣದಾಗಿ ಮಾಡಿ ಹತ್ತು ರೂಪಾಯಿಗೆ ಕೊಡಲು ಆಗುತ್ತದಾ ಅಂತ ಲೆಕ್ಕ ಹಾಕುತ್ತಿದ್ದೇವೆ, ಎಲೆ ಸುತ್ತುವ ಕೂಲಿಯೇ ದುಬಾರಿ.